ಅವ್ವನ ಕಾಲಿನ ಇರುವೆಗಳು

ಡೊಂಬಿವಲಿ ನಿಲ್ದಾಣದ ಸೇತುವೆಯ ಮೇಲೆ ಒಂದು ಚಪ್ಪಲಿ ಕಳೆದುಹೋಗುವುದು ಸುದ್ದಿಯಾಗತಕ್ಕ ಸಂಗತಿಯೇನೂ ಅಲ್ಲ. ಸಂಜೆಯ ಗಾಡಿಗಳು ಬಂದು ನಿಂತಾಗ ಆ ಮೆಟ್ಟಿಲುಗಳ ಮೇಲೆ ದಿನಕ್ಕೆ ಎಷ್ಟು ಚಪ್ಪಲಿಗಳು ತಮ್ಮ ಒಡೆಯರನ್ನು ಬಿಟ್ಟುಹೋಗುತ್ತವೆಯೋ, ಲೆಕ್ಕವಿಟ್ಟವರಿಲ್ಲ. ಎರಡು ವರ್ಷಗಳ ಹಿಂದೆ ಶ್ರಾವಣದ ಒಂದು ಸೋಮವಾರ ನಮ್ಮ ಅವ್ವನ ಎಡಗಾಲಿನ ಚಪ್ಪಲಿಯೂ ಅಲ್ಲಿಯೇ ಹೋಯಿತು. ವಿಶೇಷವೆಂದರೆ, ಅದು ಹೋದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಸೇತುವೆ ಇಳಿದು, ಮಳೆಯಲ್ಲಿ ತೊಯ್ದ ರಸ್ತೆಯನ್ನು ದಾಟಿ, ರಿಕ್ಷಾ ನಿಲ್ಲುವ ಜಾಗದವರೆಗೆ ಬಂದ ಮೇಲೆ ನನ್ನ ಮಗಳು, “ಅಜ್ಜೀ, ನಿನ್ನ ಒಂದು ಚಪ್ಪಲಿ ಎಲ್ಲಿ?” ಎಂದು ಕೇಳಿದಳು. ಅವ್ವ ಕೆಳಗೆ ನೋಡಿಕೊಂಡಳು. ಒಂದು ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದು ಬರಿಗಾಲು ಹರಳುಗಲ್ಲಿನ ಮೇಲೆ ನಿಂತಿತ್ತು.

“ಗದ್ದಲದಾಗ ಯಾವಾಗ ಹೋತೋ ಏನೋ” ಎಂದು ಅವ್ವ ನಕ್ಕಳು. ನಾವೂ ನಕ್ಕೆವು. ಆ ನಗೆಯನ್ನು ನೆನೆದರೆ ಈಗ ನನಗೆ ನಾಚಿಕೆಯಾಗುತ್ತದೆ. ಏಕೆಂದರೆ ಅದಕ್ಕೂ ವರ್ಷ ಮೊದಲಿನಿಂದ ಅವಳು ಹೇಳುತ್ತಲೇ ಇದ್ದಳು: “ತಮ್ಮಾ, ಅಂಗಾಲಾಗ ಇರುವಿ ಹರದಾಡಿದಂಗ ಆಗತೈತಿ. ರಾತ್ರಿ ಹೊದಿಕಿ ತಾಗಿದರ ಸೈತ ಉರೀತೈತಿ.” ನಾನು ಕೆಲಸದಿಂದ ಬಂದ ದಣಿವಿನಲ್ಲಿ, “ವಯಸ್ಸಾತಲ್ಲವ್ವಾ, ಆಗೂದ” ಎಂದುಬಿಡುತ್ತಿದ್ದೆ. ವಯಸ್ಸು ಎಂಬುದು ಯಾವ ಬೇನೆಗೂ ಸುಲಭವಾಗಿ ಅಂಟಿಸಬಹುದಾದ ಚೀಟಿ. ಅಂಟಿಸಿದವನಿಗೆ ಮುಂದೆ ಕೆಲಸವಿರುವುದಿಲ್ಲ.

ನಾನು ವೈದ್ಯನಲ್ಲ. ಸರಕಾರಿ ಕಚೇರಿಯೊಂದರಲ್ಲಿ ಕಾರಕೂನ, ಬಿ.ಎ.ಗೆ ಓದಿದ್ದು ಇತಿಹಾಸ. ಆದರೂ ಈ ವಿಷಯವನ್ನು ಬರೆಯಲು ಧೈರ್ಯ ಮಾಡಿದ್ದೇಕೆಂದರೆ, ನಮ್ಮ ಸಂಘದ ಅನೇಕ ಮನೆಗಳಲ್ಲಿ ಊರಿನಿಂದ ಬಂದ ಹಿರಿಯರಿದ್ದಾರೆ. ತಮ್ಮ ಬೇನೆಯನ್ನು ತಮ್ಮ ನುಡಿಯಲ್ಲಿ ಹೇಳಿಕೊಳ್ಳುವ ಅವರಿಗೂ, ಅದನ್ನು ಬೇರೆ ನುಡಿಯಲ್ಲಿ ಕೇಳುವ ಡಾಕ್ಟರರಿಗೂ ನಡುವೆ ನಿಂತಿರುವವರು ನಾವು. ಆ ನಡುವಿನ ಜಾಗದಲ್ಲಿ ನಾನು ಮಾಡಿದ ತಪ್ಪನ್ನು ಇನ್ನೊಬ್ಬರು ಮಾಡಬಾರದೆಂಬುದೇ ಈ ಬರಹದ ಉದ್ದೇಶ.

ಮೊದಲ ಸಲ ಅವ್ವನನ್ನು ಹತ್ತಿರದ ದವಾಖಾನೆಗೆ ಕರೆದೊಯ್ದಾಗ ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ಡಾಕ್ಟರರು ಏನಾಗುತ್ತದೆಂದು ಕೇಳಿದರು. ಅವ್ವ ಇರುವೆಯ ಮಾತು, ಉರಿಯ ಮಾತು, “ಅಂಗಾಲಿನ ಕೆಳಗ ಅರಳಿ ಇಟ್ಟಂಗ ಅನಸತೈತಿ” ಎಂಬ ಮಾತು, ಎಲ್ಲವನ್ನೂ ಹೇಳಿದಳು. ಅದೆಲ್ಲವನ್ನೂ ನಾನು ಎರಡೇ ಶಬ್ದಗಳ ಮರಾಠಿಗೆ ಇಳಿಸಿದೆ: “ಪಾಯ ದುಖತಾತ” — ಕಾಲು ನೋಯುತ್ತವೆ. ಕಾಲು ನೋವಿಗೆ ಏನು ಕೊಡುತ್ತಾರೋ ಅದನ್ನೇ ಅವರು ಕೊಟ್ಟರು: ನೋವಿನ ಗುಳಿಗೆ, ಮಂಡಿಗೆ ಹಚ್ಚುವ ಮುಲಾಮು. ಎರಡನೆಯ ಸಲ ಹೋದಾಗ, ಹನ್ನೆರಡು ವರ್ಷಗಳಿಂದ ಸಕ್ಕರೆ ಬೇನೆ ಇದೆಯೆಂದು ತಿಳಿದು, “ಹಾಗಾದರೆ ಇದು ಅದರದೇ” ಎಂದು ಮುಗಿಸಿದರು.

ನಮ್ಮ ಕಚೇರಿಯ ಕಡತಗಳಲ್ಲಿಯೂ ಹೀಗಾಗುವುದುಂಟು. ಮೊದಲ ಟಿಪ್ಪಣಿಯಲ್ಲಿ ಯಾರೋ ಒಬ್ಬರು ಒಂದು ಕಾರಣ ಬರೆದುಬಿಟ್ಟರೆ, ಮುಂದಿನ ಎಲ್ಲರೂ ‘ಮೇಲಿನಂತೆ’ ಎಂದು ಸಹಿ ಹಾಕುತ್ತ ಹೋಗುತ್ತಾರೆ. ಕಡತಗಳು ಕಂಪ್ಯೂಟರಿನೊಳಗೆ ಹೋದ ಮೇಲೂ ಈ ಪದ್ಧತಿ ಬದಲಾಗಿಲ್ಲ. ಅವ್ವನ ಕಡತದಲ್ಲಿ ‘ವಯಸ್ಸು’ ಎಂದು ಬರೆದವನು ನಾನು. ‘ಸಕ್ಕರೆ’ ಎಂದು ಬರೆದವರು ಡಾಕ್ಟರರು. ಕಡತ ಮುಚ್ಚಿತು.

ಅದು ಮತ್ತೆ ತೆರೆದದ್ದು ಬಚ್ಚಲಮನೆಯಲ್ಲಿ. ಚಪ್ಪಲಿ ಹೋದ ತಿಂಗಳೊಪ್ಪತ್ತಿನಲ್ಲಿ ಅವ್ವ ಬೆಳಿಗ್ಗೆ ಮುಖಕ್ಕೆ ಸಾಬೂನು ಹಚ್ಚಿ ಕಣ್ಣು ಮುಚ್ಚಿದವಳು ಹಾಗೆಯೇ ಪಕ್ಕಕ್ಕೆ ಓಲಿ ಬಿದ್ದಳು. ದೇವರ ದಯೆ, ಎಲುಬು ಮುರಿಯಲಿಲ್ಲ. “ಕಣ್ಣು ಮುಚ್ಚಿದರ ನೆಲ ಎಲ್ಲಿ ಐತಿ ಅನ್ನೂದ ತಿಳಿಯೂದಿಲ್ಲ” ಎಂದಳು. ನನ್ನ ಹೆಂಡತಿ ಅಂದೇ ಹಟ ಹಿಡಿದು ನರರೋಗದ ತಜ್ಞರ ಬಳಿ ಹೆಸರು ಬರೆಸಿದಳು.

ಆ ವೈದ್ಯೆ ಮರಾಠಿಯವರು. ನಾನು ಮತ್ತೆ “ಪಾಯ ದುಖತಾತ” ಎಂದು ಆರಂಭಿಸಿದಾಗ ಅವರು ಕೈ ಎತ್ತಿ ನಿಲ್ಲಿಸಿದರು. “ಅವರು ಏನು ಹೇಳುತ್ತಾರೋ ಅದನ್ನೇ, ಶಬ್ದಕ್ಕೆ ಶಬ್ದ ಹೇಳಿ” ಎಂದರು. ನಾನು ತಡವರಿಸುತ್ತ ಇರುವೆಯ ಸಂಗತಿ ಹೇಳಿದೊಡನೆ ಅವರು ಅವ್ವನ ಕಡೆಗೇ ತಿರುಗಿ, “ಮುಂಗ್ಯಾ ಯೇತಾತ ಕಾ?” ಎಂದು ಕೇಳಿದರು. ಮರಾಠಿಯಲ್ಲಿಯೂ ಈ ಬೇನೆಗೆ ಇರುವೆಗಳೇ ಬರುತ್ತವೆ! ಹತ್ತು ವರ್ಷಗಳಿಂದ ಮುಂಬಯಿಯ ನೀರು ಕುಡಿದ ನನಗೆ ಗೊತ್ತಿರದ ಮಾತು ಅವ್ವನಿಗೆ ತಾನಾಗಿಯೇ ತಿಳಿಯಿತು. ಅವಳ ಮುಖ ಅರಳಿತು: “ಹೌದು ನೋಡ್ರಿ ಬಾಯಾರ, ಇರುವಿ!”

ಮುಂದೆ ಅವರು ಮಾಡಿದ ಪರೀಕ್ಷೆ ನನ್ನ ಕಣ್ಣಿಗೆ ಬಹಳ ಸರಳವಾಗಿ ಕಂಡಿತು. ಶಾಲೆಯ ವಿಜ್ಞಾನದ ಕೋಣೆಯಲ್ಲಿ ಕಂಡಿದ್ದ ಶ್ರುತಿಕವೆಯನ್ನು ಮಿಡಿದು ಹೆಬ್ಬೆರಳಿನ ಎಲುಬಿಗೆ ಇಟ್ಟರು; ಅವ್ವನಿಗೆ ಅದರ ಕಂಪನ ತಿಳಿಯಲಿಲ್ಲ. ಮಣಿಕಟ್ಟಿಗೆ ಇಟ್ಟಾಗ ತಿಳಿಯಿತು. ಕಣ್ಣು ಮುಚ್ಚಿಸಿ ಕಾಲಿನ ಬೆರಳನ್ನು ಮೇಲೆ ಕೆಳಗೆ ಆಡಿಸಿ, ಯಾವ ಕಡೆಗೆ ಎಂದು ಕೇಳಿದರು. ಅವಳು ತಪ್ಪು ಹೇಳಿದಳು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ರಬ್ಬರಿನ ಸುತ್ತಿಗೆಯಿಂದ ತಟ್ಟಿದರು. ಕೊನೆಗೆ ಪಾದಗಳನ್ನು ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿದರು. ಅವ್ವ ಬಚ್ಚಲಮನೆಯಲ್ಲಿ ಓಲಿದಂತೆಯೇ ಓಲಿದಳು, ಅವರು ಹಿಡಿದುಕೊಂಡರು. ಈ ಕೊನೆಯ ಪರೀಕ್ಷೆಗೆ ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯ ರೋಮ್‌ಬರ್ಗ್‌ನ ಹೆಸರಿದೆ. ಕಾಲು ಎಲ್ಲಿದೆಯೆಂಬ ವರದಿ ನರಗಳಿಂದ ಬಾರದಿದ್ದಾಗ ಮನುಷ್ಯ ಕಣ್ಣಿನ ಆಧಾರದಿಂದ ನಿಂತಿರುತ್ತಾನೆ. ಕಣ್ಣು ಮುಚ್ಚಿದರೆ ಆ ಆಧಾರವೂ ತಪ್ಪುತ್ತದೆ.

ಈ ಬೇನೆಗೆ ವೈದ್ಯರು ಪೆರಿಫೆರಲ್ ನ್ಯೂರೋಪತಿ ಎನ್ನುತ್ತಾರೆ. ಮೆದುಳು ಮತ್ತು ಬೆನ್ನುಹುರಿಯಿಂದ ಹೊರಗೆ ಹರಡಿಕೊಂಡಿರುವ ನರಗಳು ಕೆಡುವುದು ಎಂದು ಅರ್ಥ. ಈ ನರಗಳಲ್ಲಿ ಕೆಲವು ಸ್ಪರ್ಶ, ನೋವು, ಬಿಸಿಗಳ ವರದಿಯನ್ನು ಒಯ್ಯುತ್ತವೆ. ಕೆಲವು ಸ್ನಾಯುಗಳಿಗೆ ಅಪ್ಪಣೆ ತರುತ್ತವೆ. ಮತ್ತೆ ಕೆಲವು ಬೆವರು, ರಕ್ತದೊತ್ತಡ, ಜೀರ್ಣಕ್ರಿಯೆಗಳನ್ನು ನಮಗೆ ತಿಳಿಯದಂತೆ ನಡೆಸುತ್ತವೆ. ಕಾಲಿನ ಬೆರಳಿಗೆ ಹೋಗುವ ನರತಂತು ಸೊಂಟದ ಹತ್ತಿರದಿಂದ ಹೊರಟು ಸುಮಾರು ಒಂದು ಮೀಟರ್ ಉದ್ದ ಸಾಗಬೇಕು. ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ಬೆನ್ನಿನ ಬಳಿಯ ಜೀವಕೋಶದಿಂದಲೇ ಸರಬರಾಜಾಗಬೇಕು. ಆದುದರಿಂದ ದೇಹದಲ್ಲಿ ಯಾವುದೇ ಕೊರತೆಯಾಗಲಿ ವಿಷವಾಗಲಿ ಉಂಟಾದರೆ ಮೊದಲು ಸೊರಗುವುದು ಅತಿ ಉದ್ದದ ನರ. ಕಾಲುವೆಯ ಕೊನೆಯ ಹೊಲಕ್ಕೆ ಮೊದಲು ನೀರು ತಪ್ಪುವಂತೆ ಇದು. ಬೇನೆ ಬೆರಳಿನಿಂದ ಆರಂಭವಾಗಿ ಕಾಲುಚೀಲ ಏರಿಸಿದಂತೆ ಮೇಲೇರುತ್ತದೆ. ಮಂಡಿಯ ಹತ್ತಿರ ಬರುವ ಹೊತ್ತಿಗೆ ಕೈಬೆರಳುಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಇಲ್ಲಿ ಒಂದು ಮುಖ್ಯ ಮಾತು: ನ್ಯೂರೋಪತಿ ಎಂಬುದು ಕಾರಣವಲ್ಲ, ಪರಿಣಾಮ. ಜ್ವರವೆಂದ ಮಾತ್ರಕ್ಕೆ ಮಲೇರಿಯವೋ ಟೈಫಾಯಿಡೋ ಹೇಗೆ ತಿಳಿಯುವುದಿಲ್ಲವೋ ಹಾಗೆಯೇ ಇದೂ. ಕಾರಣವನ್ನು ಹುಡುಕಲು ನಾಲ್ಕು ಪ್ರಶ್ನೆಗಳಿವೆಯೆಂದು ಆ ವೈದ್ಯೆ ಹೇಳಿದರು. ನಾನು ಕಾರಕೂನನ ಅಭ್ಯಾಸದಂತೆ ಬರೆದುಕೊಂಡೆ.

ಮೊದಲನೆಯದು, ಎಲ್ಲಿ? ಎರಡೂ ಪಾದಗಳಲ್ಲಿ ಸಮನಾಗಿದ್ದರೆ ಇಡೀ ದೇಹಕ್ಕೆ ಸಂಬಂಧಿಸಿದ ಕಾರಣವನ್ನು ನೋಡಬೇಕು. ಒಂದೇ ಕೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಸೊಂಟದಿಂದ ಒಂದೇ ಕಾಲಿಗೆ ಸೆಳೆತ ಇಳಿದರೆ ಬೆನ್ನಿನ ಕಡೆ ನೋಡಬೇಕು. ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಸುಕು ಮಚ್ಚೆ ಇದ್ದರೆ, ಮೊಣಕೈಯ ಬಳಿ ನರ ದಪ್ಪವಾಗಿದ್ದರೆ ಕುಷ್ಠವನ್ನು ಮರೆಯಬಾರದು. ಆ ರೋಗಾಣುವನ್ನು ನಾರ್ವೆಯ ಹಾನ್ಸೆನ್ 1873ರಲ್ಲಿಯೇ ಕಂಡುಹಿಡಿದನು. ಪೂರ್ಣ ಗುಣಪಡಿಸುವ ಔಷಧ ಸರಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆಯಾಗಿ ದೊರೆಯುತ್ತದೆ. ಆದರೂ ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಮ್ಮ ದೇಶದಲ್ಲಿದ್ದಾರೆ.

ಎರಡನೆಯದು, ಎಷ್ಟು ಬೇಗ? ಸಕ್ಕರೆ ಬೇನೆಯ ನ್ಯೂರೋಪತಿ ವರ್ಷಗಟ್ಟಲೆ ನಿಧಾನವಾಗಿ ಏರುತ್ತದೆ. ಕೆಲವೇ ದಿನಗಳಲ್ಲಿ ಕಾಲುಗಳ ಶಕ್ತಿ ಕುಂದಿ ಮೇಲೇರುತ್ತ ಹೋದರೆ ಅದು ಗಿಲ್ಲನ್ ಬಾರೆ ಎಂಬ ಬೇನೆಯಾಗಿರಬಹುದು. ಉಸಿರಾಟಕ್ಕೂ ಅಪಾಯವಿರುವುದರಿಂದ ಒಂದು ರಾತ್ರಿಯೂ ಕಾಯದೆ ದೊಡ್ಡ ಆಸ್ಪತ್ರೆ ಸೇರತಕ್ಕದ್ದು. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಸುತ್ತಲಿನ ಬಡಾವಣೆಗಳಲ್ಲಿ ಜಿ.ಬಿ.ಎಸ್. ಎಂಬ ಹೆಸರಿನಿಂದ ಹರಡಿದ್ದು ಇದೇ. ಅಲ್ಲಿಯ ನಮ್ಮ ಬಂಧುಗಳು ನೀರು ಕಾಯಿಸಿ ಕುಡಿಯುತ್ತ ಕಳೆದ ಆ ದಿನಗಳನ್ನು ಮರೆತಿರಲಾರರು. ಹೊಟ್ಟೆಯ ಸೋಂಕಿನ ವಿರುದ್ಧ ಹೊರಟ ದೇಹದ ರಕ್ಷಣಾಪಡೆ ದಾರಿ ತಪ್ಪಿ ತನ್ನ ನರಗಳ ಮೇಲೆಯೇ ಬೀಳುವುದು ಅದರ ಬಗೆ.

ಮೂರನೆಯದು, ಏನು ಕೆಟ್ಟಿದೆ? ಉರಿ, ಜೋಮು, ಮರಗಟ್ಟುವಿಕೆ ಹೆಚ್ಚೋ, ಶಕ್ತಿ ಕುಂದುವುದು ಹೆಚ್ಚೋ, ಎದ್ದುನಿಂತರೆ ತಲೆ ತಿರುಗುವುದು ಹೆಚ್ಚೋ? ನರದಲ್ಲಿ ವಿದ್ಯುತ್ತಿನ ಸಂಚಾರವನ್ನು ಅಳೆಯುವ ಪರೀಕ್ಷೆಯೊಂದಿದೆ. ನರದ ಒಳತಂತಿ ಕೆಟ್ಟಿದೆಯೋ, ಅದರ ಮೇಲಿನ ಹೊದಿಕೆ ಕೆಟ್ಟಿದೆಯೋ ಎಂಬುದನ್ನು ಅದು ಬೇರ್ಪಡಿಸಿ ತೋರಿಸುತ್ತದೆ. ಎರಡರ ಕಾರಣಗಳೂ ಬೇರೆ, ಚಿಕಿತ್ಸೆಯೂ ಬೇರೆ.

ನಾಲ್ಕನೆಯದು, ಮತ್ತೇನಿದೆ? ಇದು ಮನೆಯವರು ಉತ್ತರಿಸಬೇಕಾದ ಪ್ರಶ್ನೆ. ಮದ್ಯಪಾನವಿದೆಯೇ? ತಂದೆತಾಯಿಗಳಲ್ಲಿ ಯಾರಿಗಾದರೂ ಹೀಗೆಯೇ ಇತ್ತೇ? ಸೀಸದ ಕೆಲಸವನ್ನಾಗಲಿ ಹೊಲಕ್ಕೆ ಔಷಧ ಹೊಡೆಯುವ ಕೆಲಸವನ್ನಾಗಲಿ ಮಾಡಿದ್ದಾರೆಯೇ? ಥೈರಾಯಿಡ್, ಮೂತ್ರಪಿಂಡ, ಯಕೃತ್ತುಗಳ ತೊಂದರೆ ಇದೆಯೇ? ಯಾವ ಯಾವ ಗುಳಿಗೆ ನುಂಗುತ್ತಾರೆ? ಕ್ಷಯಕ್ಕೆ ಕೊಡುವ ಐಸೋನಿಯಜಿಡ್, ಕ್ಯಾನ್ಸರಿನ ಕೆಲವು ಔಷಧಗಳು ನರಗಳನ್ನು ನೋಯಿಸಬಲ್ಲವು. ಐಸೋನಿಯಜಿಡ್ ಜೊತೆಗೆ ಬಿ6 ಜೀವಸತ್ವವನ್ನು ಕೊಡುವುದು ಇದಕ್ಕಾಗಿಯೇ. ಸೋಜಿಗವೆಂದರೆ, ಅದೇ ಬಿ6ನ್ನು ಶಕ್ತಿ ಬರಲೆಂದು ಅತಿಯಾಗಿ ಬಹುಕಾಲ ನುಂಗಿದರೆ ಅದರಿಂದಲೂ ನರ ಕೆಡುತ್ತದೆ!

ಆಹಾರಕ್ಕೂ ನರಕ್ಕೂ ಇರುವ ಸಂಬಂಧ ಜಗತ್ತಿಗೆ ತಿಳಿದದ್ದು ಕೋಳಿಗಳಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾವಾ ದ್ವೀಪದಲ್ಲಿ ಬೆರಿಬೆರಿ ಎಂಬ ರೋಗದಿಂದ ಜನ ಕಾಲು ಸೋತು ಬೀಳುತ್ತಿದ್ದರು. ಡಚ್ ವೈದ್ಯ ಐಕ್ಮನ್ ತನ್ನ ಪ್ರಯೋಗದ ಕೋಳಿಗಳೂ ಹಾಗೆಯೇ ಬೀಳುವುದನ್ನು ಕಂಡನು. ಅವುಗಳಿಗೆ ಸೈನ್ಯದ ಆಸ್ಪತ್ರೆಯ ಅಡಿಗೆಮನೆಯಿಂದ ಪಾಲಿಶ್ ಮಾಡಿದ ಅಕ್ಕಿಯ ಅನ್ನ ಬರುತ್ತಿತ್ತು. ಹೊಸದಾಗಿ ಬಂದ ಅಡಿಗೆಯವನು, ಸೈನ್ಯದ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡಲಾರೆನೆಂದನು. ಕೋಳಿಗಳು ತೌಡಿನ ಅಕ್ಕಿ ತಿಂದು ಎದ್ದು ಓಡಾಡಿದವು! ತೌಡಿನೊಡನೆ ನಾವು ಬಿಸುಡುತ್ತಿದ್ದುದು ಬಿ1 ಜೀವಸತ್ವ. ಐಕ್ಮನ್‌ಗೆ 1929ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆ ನಿಷ್ಠಾವಂತ ಅಡಿಗೆಯವನಿಗೆ ಏನೂ ಬಂದಂತಿಲ್ಲ. ಕಾರಕೂನನಾದ ನನಗೆ ಅವನ ಮೇಲೆ ವಿಶೇಷ ಪ್ರೀತಿ.

ಇನ್ನು ಅವ್ವನ ವಿಷಯ. ವೈದ್ಯೆ ಅವಳ ಊಟವನ್ನು ಕೇಳಿದರು. ನಾವು ಶುದ್ಧ ಸಸ್ಯಾಹಾರಿಗಳು. ಗದಗಿನ ಕಡೆಯ ನಮ್ಮ ಹಳ್ಳಿಯಲ್ಲಿದ್ದಾಗ ಮನೆಯಲ್ಲಿ ಎಮ್ಮೆ ಇತ್ತು. ರೊಟ್ಟಿಯೊಡನೆ ಗಟ್ಟಿ ಮೊಸರು, ರಾತ್ರಿ ಒಂದು ಲೋಟ ಹಾಲು. ಅಪ್ಪ ತೀರಿಕೊಂಡ ಮೇಲೆ ಅವಳು ನಮ್ಮಲ್ಲಿಗೆ ಬಂದು ಆರು ವರ್ಷ. “ಪಾಕೀಟಿನ ಹಾಲೂ ಒಂದು ಹಾಲೇನ?” ಎಂದು ಮೂಗು ಮುರಿದು, ಚಹಕ್ಕೆ ಬೀಳುವ ಹನಿಯ ಹೊರತು ಹಾಲು ಮೊಸರುಗಳನ್ನು ಬಿಟ್ಟೇಬಿಟ್ಟಿದ್ದಳು. ಬಿ12 ಎಂಬ ಜೀವಸತ್ವ ಸೊಪ್ಪು ಕಾಳುಗಳಲ್ಲಿಲ್ಲ. ಮಾಂಸ, ಮೀನು, ಮೊಟ್ಟೆ, ಹಾಲುಗಳಿಂದ ಬರತಕ್ಕದ್ದು. ಸಸ್ಯಾಹಾರಿಗೆ ಉಳಿದ ದಾರಿ ಹಾಲೊಂದೇ; ಅವ್ವ ಅದನ್ನೂ ಮುಚ್ಚಿದ್ದಳು. ಇದರ ಮೇಲೆ ಹನ್ನೆರಡು ವರ್ಷಗಳಿಂದ ಸಕ್ಕರೆ ಬೇನೆಗೆ ಮೆಟ್‌ಫಾರ್ಮಿನ್, ನಾಲ್ಕು ವರ್ಷಗಳಿಂದ ಎದೆಯುರಿಗೆಂದು ದಿನಾಲು ಆಮ್ಲ ತಗ್ಗಿಸುವ ಗುಳಿಗೆ. ಇವೆರಡೂ ಬಹುಕಾಲ ನಡೆದರೆ ಬಿ12 ದೇಹಕ್ಕೆ ಹತ್ತುವುದನ್ನು ತಗ್ಗಿಸಬಲ್ಲವು. ಈ ಜೀವಸತ್ವದ ದಾಸ್ತಾನು ಯಕೃತ್ತಿನಲ್ಲಿ ಕೆಲವು ವರ್ಷ ಸಾಕಾಗುವಷ್ಟು ಇರುತ್ತದೆ. ಆದುದರಿಂದ ಎಮ್ಮೆಯನ್ನು ಮಾರಿದ ವರ್ಷ ಏನೂ ಆಗಲಿಲ್ಲ. ಉಗ್ರಾಣ ಬರಿದಾದ ಮೇಲೆ ಇರುವೆಗಳು ಬಂದವು.

ರಕ್ತದ ವರದಿಯಲ್ಲಿ ಬಿ12 ಅಂಕ 138 ಎಂದು ಬಂತು. 200ರ ಕೆಳಗಿದ್ದರೆ ಕೊರತೆಯೆಂದು ಎಣಿಸುತ್ತಾರೆ. ಕಡತದಲ್ಲಿ ಬರೆದಿದ್ದ ‘ಸಕ್ಕರೆ’ ಪೂರ್ತಿ ಸುಳ್ಳಲ್ಲ, ಅದರ ಪಾಲೂ ಇರಬಹುದು. ನ್ಯೂರೋಪತಿಗೆ ಅತಿ ಸಾಮಾನ್ಯ ಕಾರಣ ಅದೇ. ಆದರೆ ಒಂದು ಕಾರಣ ಸಿಕ್ಕಿತೆಂದು ಎರಡನೆಯದನ್ನು ಹುಡುಕದಿರುವುದು ತಪ್ಪು. ಅದರಲ್ಲೂ ಎರಡನೆಯದಕ್ಕೆ ಮದ್ದು ಇರುವಾಗ.

ಇನ್ನೊಂದು ಸಂಗತಿ ನನ್ನ ಎದೆ ನಡುಗಿಸಿತು. ಅವ್ವನಿಗೆ ನಿಶ್ಶಕ್ತಿಯೆಂದು ನಾನು ಯಾರನ್ನೂ ಕೇಳದೆ ಅಂಗಡಿಯಿಂದ ಫೋಲಿಕ್ ಆಮ್ಲದ ಗುಳಿಗೆ ತಂದುಕೊಟ್ಟಿದ್ದೆ. ಈ ಫೋಲಿಕ್ ಆಮ್ಲದ ಇತಿಹಾಸಕ್ಕೂ ನಮ್ಮ ಮುಂಬಯಿಗೂ ನಂಟಿದೆ. 1928ರಲ್ಲಿ ಇಲ್ಲಿಗೆ ಬಂದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ, ಗಿರಣಿ ಕೆಲಸದ ಬಸುರಿ ಹೆಂಗಸರ ರಕ್ತಹೀನತೆ ಯೀಸ್ಟಿನ ಸಾರದಿಂದ ವಾಸಿಯಾಗುವುದನ್ನು ತೋರಿಸಿದಳು. ಅದರಲ್ಲಿದ್ದ ಸತ್ವವೇ ಮುಂದೆ ಫೋಲಿಕ್ ಆಮ್ಲವೆಂದು ಗೊತ್ತಾಯಿತು. ಎಷ್ಟೋ ತಾಯಂದಿರನ್ನು ಉಳಿಸಿದ ಔಷಧವದು. ಆದರೆ ಬಿ12 ಕೊರತೆಯಿರುವವರಿಗೆ ಅದನ್ನೊಂದನ್ನೇ ಕೊಟ್ಟರೆ ರಕ್ತವೇನೋ ಸುಧಾರಿಸುತ್ತದೆ. ಒಳಗೆ ನರಗಳು ಕೆಡುತ್ತಲೇ ಹೋಗಬಹುದು. ರಕ್ತದ ವರದಿ ಚೆನ್ನಾಗಿದೆಯೆಂದು ನಾವು ನೆಮ್ಮದಿಯಿಂದಿರುತ್ತೇವೆ! ಒಳ್ಳೆಯ ಔಷಧವೂ ಕಾರಣ ತಿಳಿಯದೆ ಕೊಟ್ಟರೆ ಪರದೆಯಾಗುತ್ತದೆ.

ಅವ್ವನಿಗೆ ಬಿ12 ಚುಚ್ಚುಮದ್ದು ಆರಂಭವಾಯಿತು. ಉರಿ ತಗ್ಗಿಸಲು ರಾತ್ರಿಗೊಂದು ಗುಳಿಗೆಯನ್ನೂ ಕೊಟ್ಟರು. ಅದು ನೋವನ್ನು ಮಾತ್ರ ತಗ್ಗಿಸುತ್ತದೆ, ನರವನ್ನು ದುರಸ್ತಿ ಮಾಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಕೆಟ್ಟ ನರತಂತು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಆರು ತಿಂಗಳಲ್ಲಿ ಉರಿ ಬಹಳ ಇಳಿಯಿತು. ಈಗ ಅವ್ವ ಕಣ್ಣು ಮುಚ್ಚಿ ಮುಖ ತೊಳೆದುಕೊಳ್ಳುತ್ತಾಳೆ, ಒಂದು ಕೈ ಗೋಡೆಗೆ ಹಚ್ಚಿ. ಆದರೆ ಬೆರಳುಗಳಿಗೆ ಇನ್ನೂ ಪೂರ್ಣ ಸ್ಪರ್ಶ ಬಂದಿಲ್ಲ. “ಒಂದು ವರ್ಷ ಮೊದಲು ಬಂದಿದ್ದರೆ?” ಎಂದು ನಾನು ವೈದ್ಯೆಯನ್ನು ಕೇಳಿದೆ. “ಇನ್ನಷ್ಟು ಉಳಿಯುತ್ತಿತ್ತು” ಎಂದರು. ಆ ಒಂದು ವರ್ಷ ‘ವಯಸ್ಸಾತಲ್ಲವ್ವಾ’ ಎಂಬ ನನ್ನ ಮಾತಿನಲ್ಲಿ ಹೋಗಿತ್ತು.

ಎಲ್ಲರಿಗೂ ಕಾರಣ ಸಿಕ್ಕೇ ಸಿಗುತ್ತದೆಂದೇನಿಲ್ಲ. ಎಲ್ಲ ಪರೀಕ್ಷೆಗಳಾದ ಮೇಲೂ ಸುಮಾರು ಕಾಲು ಪಾಲು ಜನರಲ್ಲಿ ಅದು ತಿಳಿಯದೆ ಉಳಿಯುತ್ತದೆಂದು ಹೇಳುತ್ತಾರೆ. ಆದರೆ ಹುಡುಕಿ ಸಿಗದಿರುವುದು ಬೇರೆ, ಹುಡುಕದೆ ಇರುವುದು ಬೇರೆ.

ಕಾರಣ ಸಿಗಲಿ ಬಿಡಲಿ, ಸ್ಪರ್ಶ ತಿಳಿಯದ ಕಾಲನ್ನು ಕಣ್ಣಿನಿಂದ ಕಾಯಬೇಕು. ಕುಷ್ಠರೋಗಿಗಳ ಬೆರಳು ರೋಗದಿಂದ ತಾನಾಗಿ ಉದುರುತ್ತವೆಂದು ಜನ ನಂಬಿದ್ದ ಕಾಲದಲ್ಲಿ, ವೆಲ್ಲೂರಿನ ಆಸ್ಪತ್ರೆಯಲ್ಲಿದ್ದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು, ನೋವು ತಿಳಿಯದೆ ಆಗುವ ಸುಟ್ಟ ಗಾಯ, ಒತ್ತು ಗಾಯಗಳಿಂದಲೇ ಅವು ಹೋಗುವುದೆಂದು ತೋರಿಸಿಕೊಟ್ಟರು. ಸಕ್ಕರೆ ಬೇನೆಯವರ ಪಾದಕ್ಕೂ ಇದೇ ಪಾಠ. ನಮ್ಮ ಮನೆಯಲ್ಲಿ ಈಗ ರಾತ್ರಿ ಊಟವಾದ ಮೇಲೆ ಮಗಳು ಅಜ್ಜಿಯ ಅಂಗಾಲಿಗೆ ಚಿಕ್ಕ ಕನ್ನಡಿ ಹಿಡಿದು ಗಾಯ, ಬೊಕ್ಕೆ, ಮುಳ್ಳು ನೋಡುತ್ತಾಳೆ. ಸ್ನಾನದ ನೀರಿನ ಬಿಸಿಯನ್ನು ಅವ್ವನ ಕಾಲಿಗಿಂತ ಮೊದಲು ನಮ್ಮ ಮೊಣಕೈ ನೋಡುತ್ತದೆ. ಬರಿಗಾಲಿನ ತಿರುಗಾಟ ಮನೆಯೊಳಗೂ ಇಲ್ಲ. ಚಪ್ಪಲಿಗೆ ಹಿಂದೆ ಪಟ್ಟಿ ಬಂದಿದೆ.

ಕೊನೆಗೆ ವಾಚಕ ಬಂಧುಗಳಲ್ಲಿ ಒಂದು ವಿನಂತಿ. ಹಿರಿಯರನ್ನು ವೈದ್ಯರಲ್ಲಿಗೆ ಕರೆದೊಯ್ಯುವಾಗ ಅವರು ನುಂಗುವ ಎಲ್ಲ ಗುಳಿಗೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿರಿ. ಅವರ ಮಾತನ್ನು ಮೊಟಕುಗೊಳಿಸದೆ ದಾಟಿಸಿರಿ. ಮುಂಬಯಿ ಪುಣೆಗಳಲ್ಲಿ ‘ಮುಂಗ್ಯಾ’ ಎನ್ನಿ, ದಿಲ್ಲಿಯಲ್ಲಿ ಜೋಮಿಗೆ ‘ಝುನ್‌ಝುನೀ’, ಮರಗಟ್ಟಿದ್ದಕ್ಕೆ ‘ಸುನ್ನ್’, ಹೈದರಾಬಾದಿನಲ್ಲಿ ‘ತಿಮ್ಮಿರಿ’, ಚೆನ್ನೈಯಲ್ಲಿ ‘ಮರತ್ತುಪ್ಪೋಚ್ಚು’, ಅದು ನಮ್ಮ ಮರಗಟ್ಟುವುದರ ಒಡಹುಟ್ಟಿದ ಮಾತೇ. ಪರಊರಿನಲ್ಲಿ ಹೊಟ್ಟೆಪಾಡಿಗಾಗಿ ಕಲಿತ ನುಡಿ ಅವ್ವನ ಬೇನೆಗೂ ಒದಗಬೇಕಲ್ಲವೇ?

ಮೊನ್ನೆ ಶ್ರಾವಣ ಸೋಮವಾರ ಅದೇ ಸೇತುವೆಯನ್ನು ಇಳಿದೆವು. ಕೆಳಗೆ ಬಂದೊಡನೆ ಅವ್ವ ನಿಂತು ಎರಡೂ ಕಾಲುಗಳನ್ನು ನೋಡಿಕೊಂಡು, “ಎರಡೂ ಅದಾವ ನೋಡ್ ತಮ್ಮಾ” ಎಂದಳು. ಮನೆಗೆ ಬಂದ ಮೇಲೆ ಮೂಗು ಮುರಿಯುತ್ತಲೇ ಒಂದು ಲೋಟ ಪಾಕೀಟಿನ ಹಾಲು ಕುಡಿದಳು.